ಹಲಗೆಯ ಮೇಲಿನ ಟೇಕ್ ಆಫ್

ಮಸ್ಕಿ

ದಾವಲ್‌ಸಾಬ್ ಚಾಚಾ ಅವರಿಗೆ,

ಗಾದಿಲಿಂಗ ಮಾಸ್ತರರ ಹೆಂಡತಿ ಶೇಖಮ್ಮ ಮಾಡುವ ಶರಣು.

ಅವರು ತೀರಿಕೊಂಡ ಮೇಲೆ ಸಿಂಧನೂರಿನ ನಿಮ್ಮ ಖೋಲಿಯಲ್ಲಿ ಟ್ಯೂಷನ್ ನಿಂತಿದೆ. ಖೋಲಿ ಬಿಟ್ಟುಕೊಡುತ್ತೇನೆ. ಆದರೆ ಭಾನುವಾರದವರೆಗೆ ಸುಣ್ಣ ಹೊಡೆಸಬೇಡಿ. ಗೋಡೆಯ ಕರಿಹಲಗೆಯ ಮೇಲೆ ಅವರ ಕೊನೆಯ ಪಾಠ ಅರ್ಧಕ್ಕೆ ನಿಂತಿದೆ.

ಇಂಗ್ಲಿಷಿನ "ಟೇಕ್ ಆಫ್" ಎಂದಷ್ಟೇ ಅವರು ಬರೆದಿದ್ದರು. ಅರ್ಥಗಳನ್ನು ಮಕ್ಕಳೇ ಹುಡುಕಿ ತಂದು, ತಂದವರೇ ಬರೆಯಬೇಕು ಎಂಬುದು ಅವರ ಪದ್ಧತಿ. ಚಪ್ಪಲಿ ಕಳಚು, ವಿಮಾನ ಮೇಲೇರು, ರಜೆ ಹಾಕು, ವ್ಯಾಪಾರ ಕುದುರು ಎಂದು ನಾಲ್ಕು ಕೈಬರಹಗಳಿವೆ.

ಅವರ ಮಣ್ಣಿಗೆ ಬಂದಿದ್ದ ಆರ್.ಎಚ್. ಕ್ಯಾಂಪಿನ ವಿದ್ಯಾರ್ಥಿನಿ ಶೆಫಾಲಿ ನನ್ನ ಹತ್ತಿರ ಕೂತು, "ಅಮ್ಮಾರ, ನಾ ಇನ್ನೊಂದು ಅರ್ಥ ತಂದೀನ್ರೀ. ಸರ್‌ಗೆ ಹೇಳೂದು ಆಗ್ಲಿಲ್ಲ" ಎಂದಳು.

"ಏನವಾ ಅದು?"

"ಹೇಳದಂಗ ಎದ್ದು ಹೋಗೂದು" ಎಂದು ತಲೆ ತಗ್ಗಿಸಿದಳು.

ಅದನ್ನೂ ಅವಳು ಬರೆಯಲಿ, ಚಾಚಾ. ಕಷ್ಟಪಟ್ಟು ಹುಡುಕಿದ್ದಾಳೆ. ಭಾನುವಾರ ಮಕ್ಕಳೆಲ್ಲ ಬಂದು ಓದಿದ ಮೇಲೆ ನಾನೇ ಹಲಗೆ ಒರೆಸಿ, ಕೀಲಿಯನ್ನು ನಿಮ್ಮ ಅಂಗಡಿಗೆ ತಂದುಕೊಡುತ್ತೇನೆ. ಒರೆಸುವ ಕೆಲಸವನ್ನು ಮಾತ್ರ ಬೇರೆ ಯಾರಿಗೂ ಒಪ್ಪಿಸಬೇಡಿ.

ಇತಿ,
ಶೇಖಮ್ಮ