ತೂತಿನ ತಟ್ಟೆಯ ಒಡತಿಗೆ

ಫೆಬ್ರವರಿ ೩೦, ೨೩೧೪

ಶ್ರೀಮತಿ ಪುಟ್ಟನಂಜಮ್ಮನವರಿಗೆ, ಕೆರೆ ಕಾಯುವ ಹೊನ್ನಾಜಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಏಕೆಂದು ಹೇಳಲು ಹೊರಟರೆ ಒಲೆಯ ಮೇಲಿನ ಅನ್ನ ಸೀದುಹೋಗುತ್ತದೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ನಿಮ್ಮ ಹೆಸರು ಹೇಗೆ ಗೊತ್ತೆಂದರೆ, ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಉಳಿದ ಒಂದು ಸ್ಟೀಲಿನ ತಟ್ಟೆಯ ಅಂಚಿನಲ್ಲಿ ಅದನ್ನು ಕೊರೆದಿದ್ದಾರೆ: 'ಶ್ರೀಮತಿ ಪುಟ್ಟನಂಜಮ್ಮ, ಗೃಹಪ್ರವೇಶ, ೨೦೦೯'. ತಟ್ಟೆಯ ತುಂಬ ತೂತು. ಅದು ಯಾತಕ್ಕೆಂದು ಯಾರಿಗೂ ತಿಳಿಯದೆ ನಮ್ಮಮ್ಮ ಸಸಿಗಳಿಗೆ ನೆರಳು ಹಿಡಿಯಲು ಬಳಸುತ್ತಿದ್ದಳು.

ನಮ್ಮ ಕೆರೆಯಲ್ಲಿ ಕಾಡುಭತ್ತ ತಾನಾಗಿಯೇ ಬೆಳೆಯುತ್ತದೆ. ಬಿತ್ತಿದವರಿಲ್ಲ, ಕಳೆ ಕಿತ್ತವರಿಲ್ಲ. ಅಕ್ಕಿ ಸೂಜಿಯಂತೆ ಉದ್ದ, ಕಾಡಿಗೆಯಂತೆ ಕಪ್ಪು. ಆದರೆ ತಿನ್ನಲು ಬಾರದ ಬೆಳೆಗೆ ನೀರೇಕೆ ಎಂದು ಕೆರೆಸಭೆ ಕೇಳಿತು. ಯುಗಾದಿಯೊಳಗೆ ಯಾರಾದರೂ ತಮ್ಮ ಮನೆಯ ಒಲೆಯಲ್ಲಿ ಅದನ್ನು ಬೇಯಿಸಿ ಬಡಿಸಬೇಕು, ಇಲ್ಲವಾದರೆ ಕೆರೆ ಬತ್ತಿಸಿ ಮುಚ್ಚುವುದೆಂದು ಸಭೆಯ ಹಿರಿಯೆ ಮರಿಸಿದ್ದಮ್ಮ ತೀರ್ಪು ಕೊಟ್ಟರು. ನಾನು ಹುಟ್ಟಿದ್ದೇ ಆ ಕೆರೆಯ ಏರಿಯ ಮೇಲೆ. ಅಂದೇ ಒಲೆ ಹಚ್ಚಿದೆ.

ಏಳು ಸಲ ಬೇಯಿಸಿದೆ, ಏಳು ಸಲವೂ ಕಲ್ಲು. ನಮ್ಮ ಯಜಮಾನರು ನನ್ನ ಮನಸ್ಸು ನೋಯಬಾರದೆಂದು ಅಗಿಯಲು ಹೋಗಿ ದವಡೆ ಹಲ್ಲೊಂದನ್ನು ಕಳೆದುಕೊಂಡರು. ನಾವು ಅಡುಗೆ ಮಾಡುವುದು ಉಗಿಡಬ್ಬಿಯಲ್ಲಿ. ಒಂದು ಸೌಟು ನೀರು ಹಾಕಿದರೆ ಮನೆಮಂದಿಗೆಲ್ಲ ಅನ್ನವಾಗುತ್ತದೆ. ದಿನಕ್ಕೆ ಮನೆಗಿಷ್ಟು ಎಂದು ಸಿಗುವ ಪಾಲುನೀರಿನಲ್ಲಿ ಹನಿ ಚೆಲ್ಲಿದರೂ ಮಾನ ಹೋಗುತ್ತದೆ. 'ನೀರುಚೆಲ್ಲಿ' ಎಂಬುದಕ್ಕಿಂತ ಕೆಟ್ಟ ಬೈಗುಳ ನಮ್ಮಲ್ಲಿಲ್ಲ.

ಎಂಟನೆಯ ದಿನ ಸಸಿಗಳ ಮೇಲಿನ ತಟ್ಟೆಯನ್ನು ನೋಡುತ್ತ ಕುಳಿತಿದ್ದೆ. ಇದು ಅಡುಗೆಮನೆಯ ಪಾತ್ರೆ, ಇದಕ್ಕೆ ತೂತು. ಹಾಗಾದರೆ ಈ ತಾಯಿ ಬೇಕಾದ್ದಕ್ಕಿಂತ ಹೆಚ್ಚು ನೀರು ಹಾಕಿ, ಉಳಿದದ್ದನ್ನು ಬಸಿಯುತ್ತಿದ್ದಳು! ಕೆಟ್ಟ ಮೇಲೆ ಬುದ್ಧಿ ಬಂತು, ಅದೂ ಏಳು ಸಲ ಕೆಟ್ಟ ಮೇಲೆ.

ಮೂರು ದಿನದ ಪಾಲುನೀರನ್ನು ಕೂಡಿಟ್ಟೆ. ಅಕ್ಕಿಯನ್ನು ತೊಳೆದು ಇಡೀ ರಾತ್ರಿ ನೆನೆಹಾಕಿ, ಬೆಳಿಗ್ಗೆ ಒಂದು ಪಾವಿಗೆ ನಾಲ್ಕು ಪಾವು ನೀರಿಟ್ಟು ಚಿಟಿಕೆ ಉಪ್ಪು ಹಾಕಿದೆ. ಕುದಿ ಬಂದ ಮೇಲೆ ಉರಿ ತಗ್ಗಿಸಿ ಮುಚ್ಚಿದೆ. ಮುಕ್ಕಾಲು ಗಂಟೆಯಾಗುತ್ತಿದ್ದಂತೆ ಕಪ್ಪು ಸಿಪ್ಪೆ ಬಿರಿದು ಒಳಗಿನ ಬಿಳುಪು ಇಣುಕಿತು. ಅಷ್ಟರಲ್ಲಿ ಸಭೆಯವರು ಬಂದು ಕುಳಿತಿದ್ದರು. ಎಲ್ಲರೆದುರು ನಿಮ್ಮ ತಟ್ಟೆ ಮುಚ್ಚಿ ಪಾತ್ರೆ ಬಗ್ಗಿಸಿದೆ. ಧಾರೆಧಾರೆಯಾಗಿ ನೀರು ಸುರಿದಾಗ ಒಬ್ಬರು ಮುಖ ತಿರುಗಿಸಿದರು.

ಆದರೆ ಕೆಳಗೆ ಬೋಗುಣಿ ಇಟ್ಟಿದ್ದೆ. ಅನ್ನ ಮುಚ್ಚಳದಡಿ ಅರಳುವ ಹೊತ್ತಿಗೆ ಬಸಿದ ಆ ಕಂದು ನೀರಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ ಅರೆದು ಹಾಕಿ, ಹುಣಸೆಹಣ್ಣು ಹಿಂಡಿ, ಕೆರೆಯಂಚಿನ ಸೊಪ್ಪು ಸೇರಿಸಿ ಸಾರು ಕುದಿಸಿದೆ. ಮರಿಸಿದ್ದಮ್ಮ ಒಂದು ತುತ್ತು ಕಲಸಿ ಬಾಯಿಗಿಟ್ಟರು. ಎರಡನೆಯದಕ್ಕೆ ಕಣ್ಣು ಮುಚ್ಚಿದರು. ಮೂರನೆಯ ಸಲ ತಟ್ಟೆ ಮುಂದೊಡ್ಡಿ ಹೇಳಿದರು:

"ನೀರು ಎಲ್ಲೂ ಹೋಗಿಲ್ಲ ಕಣವ್ವ. ತಟ್ಟೆಗೇ ಬಂದದೆ."

ಕೆರೆ ಉಳಿಯಿತು! ಇಂದು ಬೀದಿಯ ಮನೆಮನೆಯಲ್ಲೂ ಕಾಡಕ್ಕಿ ಬೇಯುತ್ತಿದೆ. ಕಮ್ಮಾರ ನಿಮ್ಮ ತಟ್ಟೆಯನ್ನು ನೋಡಿಕೊಂಡು ನಲವತ್ತು ತಟ್ಟೆಗೆ ತೂತು ಕೊರೆದಿದ್ದಾನೆ. ಯಜಮಾನರು ಉಳಿದ ಹಲ್ಲುಗಳಿಂದಲೇ ಎರಡು ಸಲ ಹಾಕಿಸಿಕೊಳ್ಳುತ್ತಾರೆ.

ನನ್ನದೊಂದೇ ಬೇಡಿಕೆ, ತಾಯಿ. ಹಳೆಯ ಪಾತ್ರೆಗೆ ಹೊಸ ಪಾತ್ರೆ ಕೊಡುವವರು ನಿಮ್ಮ ಬೀದಿಯಲ್ಲಿ ಕೂಗುತ್ತ ಬರುತ್ತಿದ್ದರಂತೆ. ಬಂದರೆ ಬೇರೆ ಏನನ್ನಾದರೂ ಕೊಡಿ. ಆ ತಟ್ಟೆಯೊಂದನ್ನು ಮಾತ್ರ ಕೊಡಬೇಡಿ. ನಮ್ಮ ಕೆರೆ ಅದರ ಮೇಲೆ ನಿಂತಿದೆ.

ಇಂತಿ,
ಹೊನ್ನಾಜಮ್ಮ