ಟ್ರೌಟ್ ಮರಿಗಳನ್ನು ಒಬ್ಬಳೇ ಹೊತ್ತ ಶನಿವಾರ

ನನ್ನ ಜಗಳಗಂಟಿ ಅಕ್ಕನಿಗೆ,

ಶನಿವಾರ ಬೆಳಿಗ್ಗೆ ಹೈವೇಯಲ್ಲಿ ಇಸ್ಸಾಕ್ವಾ ಊರಿನ ಹತ್ತಿರ ಅಭ್ಯಾಸಬಲದಿಂದ ನಿನ್ನ ಮನೆಯ ಎಕ್ಸಿಟ್ ತೆಗೆದುಕೊಂಡುಬಿಟ್ಟೆ. ಸಿಗ್ನಲ್‌ನಲ್ಲಿ ನಿಂತ ಮೇಲೆ ನೆನಪಾಯಿತು, ಅಲ್ಲಿ ಹತ್ತಿಸಿಕೊಳ್ಳಲು ಯಾರೂ ಇಲ್ಲ ಅಂತ. ನೀನಿದ್ದಿದ್ದರೆ, "ಕಣ್ಣೆಲ್ಲಿಟ್ಕೊಂಡು ಡ್ರೈವ್ ಮಾಡ್ತೀಯೇ?" ಅನ್ನುತ್ತಿದ್ದೆ. ನಿನ್ನ ಕೈಲಿ ಬೈಸಿಕೊಂಡು ಎಷ್ಟು ಕಾಲವಾಯಿತೋ.

ಮೊದಲ ಸಲ ನೀನು ಈ ಕೆಲಸಕ್ಕೆ ನಮ್ಮಿಬ್ಬರ ಹೆಸರು ಕೊಟ್ಟಾಗ ನಾನು ಎಷ್ಟು ನಕ್ಕಿದ್ದೆ! ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದವಳು ಬೆಟ್ಟದ ಮೇಲಿನ ಪುಟ್ಟ ಕೆರೆಗಳಿಗೆ ಟ್ರೌಟ್ ಮೀನಿನ ಮರಿ ಹೊತ್ತುಕೊಂಡು ಹೋಗಿ ಬಿಡುವುದೇ? "ತಿನ್ನೋರು ತಿನ್ಲಿ ಬಿಡೇ, ನಾವು ಬದುಕ್ಸಿ ಬಿಡೋರು ಅಷ್ಟೆ" ಅಂದಿದ್ದೆ ನೀನು. ದೇವಸ್ಥಾನದ ಹೊಳೆಗೆ ಹೊರಟವಳ ಹಾಗೆ ಒಂದು ಚೀಲ ಕಡ್ಲೆಪುರಿ ಬೇರೆ! ನಮ್ಮ ತಂಡ ನೋಡಿಕೊಳ್ಳುವ ಡೆಬ್ರಾ, ಕೆರೆಗೆ ಮರಿಗಳಲ್ಲದೆ ಒಂದು ಕಾಳೂ ಬೀಳಬಾರದು ಅಂತ ತಡೆದಳು. ಕೊನೆಗೆ ಅರ್ಧ ಚೀಲ ಅವಳೇ ಖಾಲಿ ಮಾಡಿದಳು.

ದಾರಿಯಲ್ಲಿ ಬಿದ್ದಿರುವ ಆ ದೊಡ್ಡ ಮರ ನೆನಪಿದೆಯಾ? ಅಲ್ಲಿ ಒಬ್ಬರು ಕೂರಬೇಕು, ಇನ್ನೊಬ್ಬರು ಮರಿಗಳ ಚೀಲವನ್ನು ಕುಲುಕುತ್ತಾ ನಿಲ್ಲಬೇಕು. ನೀರು ಅಲುಗದಿದ್ದರೆ ಅವುಗಳಿಗೆ ಉಸಿರಿಲ್ಲ. ನಡೆಯುವಾಗ ತಾನಾಗೇ ಕುಲುಕುತ್ತದೆ, ಕೂತರೇ ಕಷ್ಟ. ನೀನು ಕೂಸನ್ನು ತೂಗಿದ ಹಾಗೆ ತೂಗುತ್ತಾ, "ಬೇಗ ತಿನ್ನೇ ತಾಯಿ, ಕೈ ಬಿದ್ದೋಗ್ತಿದೆ" ಅಂತ ಗೊಣಗುತ್ತಿದ್ದೆ. ನಾನು ಬೇಕಂತಲೇ ನಿಧಾನವಾಗಿ ತಿನ್ನುತ್ತಿದ್ದೆ.

ಈ ಸಲ ಡೆಬ್ರಾ, ನನ್ನ ಜೊತೆಗೆ ಯಾರನ್ನಾದರೂ ಕಳಿಸುತ್ತೇನೆ ಅಂದಾಗ ನಾನೇ ಬೇಡ ಅಂದೆ. ನಿನ್ನ ಜಾಗದಲ್ಲಿ ಇನ್ನೊಬ್ಬಳಾ? ನಿನ್ನ ಮಗಳನ್ನು ಕರೆದೆ. "ಸಾರಿ ಚಿಕ್ಕಮ್ಮ, ಐ ಜಸ್ಟ್ ಕಾಂಟ್" ಅಂದಳು. ದನಿ ಒದ್ದೆಯಾಗಿತ್ತು, ಒತ್ತಾಯ ಮಾಡಲಿಲ್ಲ. ಹಟ ಹಿಡಿದು ಒಬ್ಬಳೇ ಹೊರಟೆ.

ಆ ಮರದ ಹತ್ತಿರ ಕಾಲು ಸೋತು ಕೂತೆ. ಚೀಲ ಪಕ್ಕಕ್ಕಿಟ್ಟು ನೀರು ಕುಡಿದೆ, ನೀನು ನಿಲ್ಲುತ್ತಿದ್ದ ಕಡೆ ನೋಡಿದೆ, ಅಷ್ಟೇ... ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಚೀಲ ಬಿಚ್ಚಿದರೆ ಮರಿಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ. ಅಯ್ಯೋ ದೇವರೇ! ಕೆಲವು ಆಗಲೇ ಪಕ್ಕಕ್ಕೆ ವಾಲಿದ್ದವು. ಎದೆಗವಚಿಕೊಂಡು ಕುಲುಕಿದೆ. ಆಮೇಲೆ ಕೆರೆ ಸಿಗುವವರೆಗೂ ಎಲ್ಲೂ ನಿಲ್ಲಲಿಲ್ಲ. ಚಿತ್ರಾನ್ನದ ಡಬ್ಬಿ ಹಾಗೇ ಮನೆಗೆ ವಾಪಸ್ ಬಂತು.

ಕೆರೆಯ ನೀರನ್ನು ಸ್ವಲ್ಪಸ್ವಲ್ಪವೇ ಚೀಲಕ್ಕೆ ಬೆರೆಸಿ, ಮರಿಗಳಿಗೆ ಆ ತಂಪು ಒಗ್ಗಿದ ಮೇಲೆ ಬಿಟ್ಟೆ. ಹೆಚ್ಚಿನವು ಈಜಿಕೊಂಡು ಹೋದವು. ಕೆಲವು ಹೋಗಲಿಲ್ಲ, ತೇಲಿದವು. ಈ ಕೆಲಸಕ್ಕೆ ನನ್ನನ್ನು ಅಂಟಿಸಿ ನಡುವೆಯೇ ಎದ್ದುಹೋದೆಯಲ್ಲ ಅಂತ ನಿನ್ನ ಮೇಲೆ ಕೆಟ್ಟ ಕೋಪ ಬಂತು. ಬಾಯಿಬಿಟ್ಟು ಬೈದೆ. ಸುತ್ತ ಕನ್ನಡ ತಿಳಿಯುವ ಒಂದು ಜೀವವೂ ಇರಲಿಲ್ಲ.

ಆ ಕೆರೆಯಲ್ಲಿ ಅವು ಮರಿ ಮಾಡುವುದಿಲ್ಲ, ನಿನಗೆ ಗೊತ್ತಲ್ಲ. ಕೆಲವು ವರ್ಷಕ್ಕೊಮ್ಮೆ ಯಾರಾದರೂ ಹೊರಲೇಬೇಕು. ಇವತ್ತು ಡೆಬ್ರಾಗೆ ಕಾಲ್ ಮಾಡಿ, ಇನ್ನು ಮೇಲೆ ಜೊತೆಗೊಬ್ಬರನ್ನು ಕಳಿಸು ಅಂದೆ. ಬರುವವಳು ಕೆಂಟ್ ಊರಿನ ಕಡೆಯವಳಂತೆ, ಮಾತು ಕಡಿಮೆಯಂತೆ. ಬರಲಿ. ಬೇಜಾರು ಮಾಡ್ಕೋಬೇಡ ಕಣೇ. ನಿನ್ನ ಹಾಗೆ ಬೈಯಲು ಅವಳಿಗೆಲ್ಲಿ ಬರಬೇಕು? ಆದರೆ ನಾನೂ ಒಂದು ಗಳಿಗೆ ಕೂರಬೇಕು, ಅಕ್ಕಾ.