ಹುಲಿಗೆವ್ವನ ಉಂಗುರಬೆರಳಿನ ಕೋಡು

ಇವತ್ತು ಫೆಬ್ರವರಿ ಮೂವತ್ತು, ಎರಡುಸಾವಿರದ ನೂರಾ ಐವತ್ತನೇ ಇಸವಿ. ನಗಬ್ಯಾಡ್ರಿ. ಪಾಳಿ ಲೆಕ್ಕ ಸರಿಹೊಂದ್ಲಿ ಅಂತ ಕಂಪನಿಯವ್ರು ಫೆಬ್ರವರಿಗೂ ಮೂವತ್ತು ದಿನ ಮಾಡ್ಯಾರ.

ಆಸ್ಪತ್ರ್ಯಾಗ ಕುಂತು ರೋಗಕ್ಕ ಕೋಡು, ಅಂದ್ರ ಗುರ್ತಿನ ನಂಬರು, ಹಾಕೋರೇ, ನೀವು ಅಕ್ಕಾರೋ ಅಣ್ಣಾರೋ ನನಗ ಗೊತ್ತಿಲ್ಲ. ನಾ ಯಂಕೋಬ. ನಮ್ಮ ಮಾತು ಅಲ್ಲಲ್ಲಿ ವಿಚಿತ್ರ ಅನಸ್ತತಿ, ತಪ್ಪು ತಿಳಕೋಬ್ಯಾಡ್ರಿ. ಇದು ಹಿಂದೋಲಿ, ಅಂದ್ರ ಹಿಂದಿನ ಕಾಲದವ್ರಿಗೆ ಬಾಯಿಲೆ ಹೇಳಿ ಕಳಸೋ ಓಲಿ. ಮುಟ್ಟಿತು ಅಂತ ಇಲ್ಲಿತನಕ ಯಾರಿಗೂ ಉತ್ತರ ಬಂದಿಲ್ಲ. ಶೆಡ್ಡಿನಾಗ ಎಲ್ಲಾರೂ ಮಲಗ್ಯಾರ, ಅದಕ್ಕ ಸಣ್ಣ ದನೀಲೆ ಹೇಳ್ತೀನಿ.

ನಾನೂ ನಮ್ಮಕ್ಕ ದ್ಯಾಮವ್ವಾನೂ ಕೊಪ್ಪಳದ ಕಡೆಯಿಂದ ದುಡಿಯಾಕ ಬಂದೀವಿ. ಕಡಲ ನಡುವ ಉಪ್ಪುನೀರನ್ನ ಸಿಹಿ ಮಾಡೋ ಕಟ್ಟಿ ಐತಿ. ಅದರ ನೀರು ಸೋಸೋ ಜಾಳಗಿಗೆ ಹತ್ತಿದ ಉಪ್ಪಿನ ಹಕ್ಕಳಿ ಕೆರೆಯೋದು ನಮ್ಮ ಕೆಲಸ. ಕೆರೆಯೋ ಇಕ್ಕಳ ದಿನಾಪೂರ್ತಿ ಹಿಚುಕಿ ಹಿಡೀಬೇಕು. ಮುಂಜಾನೆ ಒಳಗ ಹೋಗಾಕ ಕೈಬಾಗ್ಲ ಅಂತ ಐತಿ. ಗಾಜಿನ ಮ್ಯಾಲೆ ಅಂಗೈ ಇಟ್ರ, ಐದೂ ಬೆರಳು ನೆಟ್ಟಗಿದ್ರಷ್ಟ ತಗೀತತಿ. ತಗೀಲಿಲ್ಲ ಅಂದ್ರ ಸಾಮಾನು ತರೋ ಹಡಗಿನಾಗ ಹಾಕಿ ಊರಿಗೆ ಕಳಸ್ತಾರ. ಆಮ್ಯಾಲೆ ಬ್ಯಾರೆ ಯಾವ ಕಟ್ಟಿಯವ್ರೂ ಕೆಲಸಕ್ಕ ತಗೊಳ್ಳಂಗಿಲ್ಲ.

ಅಕ್ಕನ ಉಂಗುರಬೆರಳು ಮುಂಜಾನೆ ಮಡಚಿದ್ದು ಮಡಚಿದಂಗ ಇರ್ತತಿ. ಬಿಡಿಸಿದ್ರ ಟಕ್ ಅಂತತಿ, ಕಣ್ಣಾಗ ನೀರು ಬರ್ತತಿ. ಶೆಡ್ಡಿನ ಹೆಣ್ಮಕ್ಕಳು ದಿನಾ ಬಿಸಿನೀರಾಗ ಅದ್ದಿ, ತಿಕ್ಕಿ, ನೆಟ್ಟಗ ಮಾಡಿ ಕಳಸ್ತಿದ್ರು. ಮೇಸ್ತ್ರಿ ಗವಿಸಿದ್ದಪ್ಪ ಬಾಗ್ಲದಾಗ ನಿಂತು, "ಮುಷ್ಟ್ಯಾಗ ಏನು ಮುಚ್ಕೊಂಡೀಯವ್ವಾ, ನಮಗೂ ಒಂಚೂರು ತೋರ್ಸು" ಅಂತ ಕಾಡ್ತಿದ್ದ. "ನಿನ್ನ ಪಗಾರ ಐತಪ್ಪ, ಕೈ ಬಿಟ್ರ ಹಾರಿ ಹೊಕ್ಕತಿ" ಅಂತಿದ್ಲು ಅಕ್ಕ.

ಕಡೀಕ ಹೇಳುಗೂಡಿಗೆ ಹೋದ್ವಿ. ಅಲ್ಲಿ ಡಾಕ್ಟರ್ ಇರಂಗಿಲ್ಲ, ರೋಗಿಗಳಿಗೆ ತಿಳಿಸಿ ಹೇಳೋ ಒಂದು ದನಿ ಇರ್ತತಿ. ಬೆರಳು ಮಡಚೋ ಹುರಿ ಒಂದು ಕೊಳವಿಯೊಳಗ ಓಡಾಡ್ತತಂತ. ಹುರಿ ಬಾತ್ರ, ಲಂಗದ ಮಡಿಕಿಯೊಳಗ ಲಾಡಿ ಗಂಟಾಗಿ ಸಿಕ್ಕೊಂಡಂಗ ಸಿಕ್ಕೊಂತತಂತ. ಮೊದಲು ಪಟ್ಟಿ ಕಟ್ಟಿ ವಿಶ್ರಾಂತಿ ಕೊಡ್ರಿ, ಆಮ್ಯಾಲೆ ಸೂಜಿ, ಅದಕ್ಕೂ ಬಗ್ಗದಿದ್ರ ಅಂಗೈಯಾಗ ಸಣ್ಣ ಆಪರೇಷನ್ ಅಂತು. "ವಿಶ್ರಾಂತಿ ಕೊಡು ಅಂತ ಇದು ನನಗ ಹೇಳ್ತತೋ ಗವಿಸಿದ್ದಗೋ" ಅಂದ್ಲು ಅಕ್ಕ.

ಸೂಜಿ ಕೇಳಿದ್ವಿ. ದನಿ ನಮ್ಮ ಬೇರುಗುರ್ತು ತಗೀತು. ಮನೆತನದಾಗ ಸತ್ತೋರು ಇದ್ದೋರು ಎಲ್ಲಾರ ರೋಗದ ಕೋಡೂ ಅದರಾಗ ಇರ್ತಾವ. ಇದು ನಿಮ್ಮ ವಂಶದಾಗ ಹುಟ್ಟಿನಿಂದ ಬಂದದ್ದು, ಕೆಲಸದಿಂದ ಬಂದ ರೋಗಕ್ಕಷ್ಟ ಕಂಪನಿ ಔಷಧ ಅಂತು.

ನಾ ಬೇರುಗುರ್ತಿನಾಗ ಕೆಳಗ ಕೆಳಗ ಹುಡುಕಿದೆ. ಬುಡದಾಗ ನಿಮ್ಮ ಕಾಲದ ಹುಲಿಗೆವ್ವ ಸಿಕ್ಕಳು, ನಮ್ಮಜ್ಜನ ಅಜ್ಜನ ತಾಯಿ. ಗಾರ್ಮೆಂಟ್ ಫ್ಯಾಕ್ಟರ್ಯಾಗ ಕತ್ತರಿ ಹಿಡಿದು ದಾರ ಕತ್ತರಸ್ತಿದ್ಲು. ಒಂದಿನ ತನ್ನ ಉಂಗುರಬೆರಳೂ, ಬಗಲಾಗಿನ ಕೂಸಿನ ಮಡಚಿಕೊಂಡ ಹೆಬ್ಬೆರಳೂ ತೋರಸಾಕ ನಿಮ್ಮ ಆಸ್ಪತ್ರಿಗೆ ಬಂದಾಳ. ಕೂಸಿಂದು ಹುಟ್ಟಿನಿಂದ, ತಾಯಿದು ಕತ್ತರಿ ಹಿಡಿದು ಹಿಡಿದು ಅಂತ ಡಾಕ್ಟರ್ ಬ್ಯಾರೆ ಬ್ಯಾರೆ ಬರ್ದಾರ. ನೀವು ಕೂಸಿನ ಕೋಡನ್ನ ತಾಯಿಗೂ ಹಾಕೀರಿ. ಹೊತ್ತಾಗಿತ್ತೇನೋ, ಇನ್ನೂ ರಾಶಿ ಫೈಲು ಇದ್ದುವೇನೋ. ಬೈಯಾಕತ್ತಿಲ್ಲ. ಆದ್ರ ಅವತ್ತಿಂದ ನಮ್ಮ ಮನೆತನದಾಗ ಯಾರ ಬೆರಳು ಸಿಕ್ಕೊಂಡ್ರೂ ಹುಟ್ಟಿನಿಂದ ಬಂದದ್ದು ಅಂತಾರ, ದುಡಿದು ಬಂದದ್ದು ಅನ್ನಂಗಿಲ್ಲ.

ತಿದ್ರಿ ಅಂದೆ. ಹಳೆ ಕೋಡನ್ನ ಹಾಕಿದೋರೇ ತಿದ್ದಬೇಕು, ನಿಯಮ ಅಂತು ದನಿ. ಅವ್ರು ಎಂದೋ ಸತ್ತಾರ ಅಂದೆ. ನಿಯಮ ಅಂತು.

ಇವತ್ತು ಬಿಸಿನೀರಿಗೂ ಬೆರಳು ಬಿಡಲಿಲ್ಲ. ನಾ ಹಿಡಿದು ಜಗ್ಗಿದೆ, ಅಕ್ಕ ಸೆರಗು ಕಚ್ಚಿ ಕುಂತ್ಲು. ಬಾಗ್ಲ ತಗೀಲಿಲ್ಲ. ಗವಿಸಿದ್ದಪ್ಪ ಚ್ಯಾಷ್ಟಿ ಮಾಡಲಿಲ್ಲ, ಮಾರಿ ಆಕಡೆ ತಿರುವಿದ. ನಾಳೆ ಹಡಗು ಬರ್ತತಿ. ಅಕ್ಕ ಬ್ಯಾಗ್ ತುಂಬಿ, ಜಿಪ್ ಎಳಿಯಾಕ ಬರದ ನನ್ನ ಕರದ್ಲು. ನನ್ನ ಹೆಬ್ಬೆರಳೂ ನಿನ್ನೆಯಿಂದ ಟಕ್ ಅನ್ನಾಕತ್ತೈತಿ. ಆಕಿಗೆ ಹೇಳಿಲ್ಲ.

ನೀವು ತಿದ್ದಿದ್ರ ಇಲ್ಲಿ ಏನು ಬದಲಾಗ್ತತಿ ನನಗ ತಿಳಿಯಂಗಿಲ್ಲ. ಹುಲಿಗೆವ್ವ ಇನ್ನೂ ಹೊರಗ ಬೆಂಚಿನ ಮ್ಯಾಲೆ ಕೂಸು ಹಿಡ್ಕೊಂಡು ಕುಂತಿರಬಹುದು. ಎದ್ದು ಹೋಗ್ರಿ. ಈ ಕೈಲೆ ಏನು ಕೆಲಸ ಮಾಡ್ತೀಯವ್ವಾ ಅಂತ ಒಂದು ಮಾತು ಕೇಳ್ರಿ. ಆಕಿ ಹೇಳಿದ್ದನ್ನ ಆಕಿ ಹೆಸರಿಗೆ ಹಾಕ್ರಿ. ಕೂಸಿಂದು ಕೂಸಿಗೆ ಇರ್ಲಿ.